ದೀಪಸ್ತಂಭದ ಗೋಡೆ

ಯುದ್ಧದ ಕಾಲದಲ್ಲಿ ದೀಪಸ್ತಂಭದ ಹತ್ತಿರ ಹೋಗಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ. ನಾನು, ಬಸಪ್ಪ ಮತ್ತು ಗಿರಣಿಯ ಫಿಟ್ಟರ್ ಹುಸೇನಸಾಬ, ಮೂವರೂ ಹುಬ್ಬಳ್ಳಿಯವರು, ಕಾರವಾರದ ಕಡೆಯ ಸಮುದ್ರದಂಡೆ ಹಿಡಿದು ನಡೆದು, ಬಂಡೆಗಳನ್ನು ದಾಟಿ ದೀಪಸ್ತಂಭದ ಗೇಟು ಮುಟ್ಟಿದೆವು. ಒಳಗಿದ್ದ ಕಾವಲುಗಾರ ಬಂದೂಕು ಎತ್ತಿದ.

"ನಿಲ್ಲಿ! ಯಾರು ನೀವು?"

"ಹುಬ್ಬಳ್ಳಿಯವರ್ರೀ. ದೀಪದ ಕಂಬ ನೋಡಾಕ ಬಂದೇವ್ರಿ," ಎಂದ ಬಸಪ್ಪ.

"ಯಾರನ್ನೂ ಒಳಗೆ ಬಿಡಬಾರದೆಂದು ಹುಕುಂ. ವಾಪಸ್ಸು ಹೋಗಿ."

ತಿರುಗಿ ನೋಡಿದರೆ ನಾವು ಬಂದ ದಾರಿಯೇ ಇರಲಿಲ್ಲ. ಸಮುದ್ರಕ್ಕೆ ಉಬ್ಬರ ಬಂದು ಬಂಡೆಗಳೆಲ್ಲ ಮುಳುಗಿದ್ದವು. ನೋಡನೋಡುತ್ತ ನೀರು ಮೊಣಕಾಲಿಗೆ ಬಂತು. ನಮಗೆ ಯಾರಿಗೂ ಈಜು ಬರುತ್ತಿರಲಿಲ್ಲ.

"ಸಾಯ್ತೇವ್ರಿ ಅಣ್ಣಾರ, ಬಾಗಲಾ ತಗೀರಿ!" ಹುಸೇನಸಾಬ ಗೇಟು ಹಿಡಿದು ಅಲುಗಾಡಿಸಿದ.

ಕಾವಲುಗಾರ ನೀರು ನೋಡಿದ, ಗೋಡೆ ನೋಡಿದ. "ಗೇಟು ತೆಗೆದರೆ ನನ್ನ ನೌಕರಿ ಹೋಗ್ತದೆ. ಗೋಡೆಯ ಬಗ್ಗೆ ಯಾರೂ ಏನೂ ಹೇಳಿಲ್ಲ. ಹತ್ತಿ!" ಎಂದವನೇ ಬಂದೂಕು ಕೆಳಗಿಟ್ಟು, ಗೋಡೆ ಏರಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಮೇಲೆಳೆದ. ಆಮೇಲೆ ಅವನು ಒಳಕ್ಕಿಳಿದ; ಬಂದೂಕು ಮತ್ತೆ ಕೈಗೆ ಬಂತು. "ಮುಖ ಸಮುದ್ರದ ಕಡೆ ಇರಲಿ. ಇತ್ತ ತಿರುಗಿದರೆ ಗುಂಡು ಹಾರಿಸ್ತೇನೆ."

ನೀರು ಇಳಿಯುವವರೆಗೂ ಕುತ್ತಿಗೆ ಅಲುಗಿಸದೆ ಕುಳಿತೆವು. ಊರಿಗೆ ಬಂದಾಗ ದೀಪಸ್ತಂಭ ಹ್ಯಾಂಗಿತ್ತು ಎಂದು ಎಲ್ಲರೂ ಕೇಳಿದರು. ಭಾಳ ಛಲೋ ಇತ್ತು ಅಂದೆವು. ಬೆನ್ನಿಗೆ ಬಿದ್ದ ಅದರ ನೆರಳು ಖರೇನ ತಂಪಾಗಿತ್ತು.