ತೊಟ್ಟಿಯಲ್ಲಿಟ್ಟ ಹಸಿರು ಬಾಟಲಿ

ಸವಣೂರಿನ ನಮ್ಮ ಎಲೆಬಳ್ಳಿ ತೋಟದಲ್ಲಿ ಕೊಯ್ದ ವೀಳ್ಯದೆಲೆಯ ಮೇಲೆ ಅರೆಗಳಿಗೆ ಬಿಸಿಲು ಬಿದ್ದರೂ ನಾನು ಆಳುಗಳ ಮೇಲೆ ಹರಿಹಾಯುತ್ತೇನೆ. ತೊಯ್ದ ಗೋಣಿತಾಟು ಹೊದಿಸದೆ ಒಂದು ಪೆಂಡಿಯೂ ಅಲುಗಬಾರದು. ಅಂಥ ಶಾಣ್ಯಾ ಮನುಷ್ಯ ಬಿಯರ್ ವಿಷಯದಲ್ಲಿ ಮಾಡಿದ್ದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಬಿಯರ್ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಶಿಗ್ಗಾಂವಿಯಿಂದ ಹೆಂಡತಿಯ ಅಣ್ಣ ಬಂದಾಗಲೆಲ್ಲ ತೋಟದ ನೀರಿನ ತೊಟ್ಟಿಯೇ ನಮ್ಮ ಫ್ರಿಜ್ಜು. ಒಂದು ಸಲ ಅವರ ಮುಂದೆ ಡೌಲು ತೋರಿಸಲು, ಯಾವಾಗಲೂ ತರುವ ಕಂದು ಬಾಟಲಿ ಬಿಟ್ಟು ಹಸಿರು ಬಾಟಲಿ ಕೇಳಿದೆ. ವೈನ್‌ಶಾಪಿನ ಕೌಂಟರಿನಲ್ಲಿ ಎಷ್ಟೋ ವರ್ಷದಿಂದ ಇದ್ದವನು ಹಾಳೆಯಲ್ಲಿ ಸುತ್ತಿಕೊಡುತ್ತ, "ಬಿಸಲಾಗ ಇಡಬ್ಯಾಡ್ರಿ ಯಜಮಾನ್ರ, ವಾಸನಿ ಹೊಡಿತೈತಿ," ಎಂದ. ನಾನು ಹೂಂ ಅಂದು, ತೋಟಕ್ಕೆ ಬಂದು ಎರಡು ಬಾಟಲಿ ಪಂಪ್‌ಸೆಟ್ ಕೋಣೆಯಲ್ಲಿಟ್ಟು, ಉಳಿದವುಗಳ ಹಾಳೆ ಕಿತ್ತೆಸೆದು ತಿಳಿನೀರಿನಲ್ಲಿ ಮುಳುಗಿಸಿದೆ. ನೀರು ತಣ್ಣಗಿದ್ದ ಮೇಲೆ ಬಿಸಿಲೇನು ಮಾಡೀತು ಎಂಬ ಸೊಕ್ಕು.

ಮಧ್ಯಾಹ್ನ ಮುಚ್ಚಳ ತೆಗೆದರೆ ಸುಟ್ಟ ರಬ್ಬರಿನಂಥ ನಾತ. ಹೆಂಡತಿಯ ಅಣ್ಣ ಒಂದು ಗುಟುಕಿಗೇ ಥೂ ಎಂದು ಉಗುಳಿದರು. ನನ್ನ ಮಾನವೇ ಹೋದಂತಾಯಿತು. ನೆಟ್ಟಗೆ ಅಂಗಡಿ ಮಾಲೀಕರ ಮನೆಗೆ ಹೋಗಿ, ನಿಮ್ಮ ಆಳು ಮುಚ್ಚಳ ಬಿಚ್ಚಿ ಬೆರಕೆ ಮಾಡುತ್ತಾನೆ ಎಂದುಬಿಟ್ಟೆ. ಅವನು ಹೇಳಿದ್ದ ಎಚ್ಚರಿಕೆಯ ಮಾತನ್ನು ನುಂಗಿಕೊಂಡೆ. ಮಾಲೀಕರು ನಮಗೆ ದೂರದ ಸಂಬಂಧಿ. ನನ್ನ ಮಾತಿಗೆ ಬೆಲೆ ಕೊಟ್ಟು ಮರುದಿನವೇ ಅವನನ್ನು ಕೆಲಸದಿಂದ ಬಿಡಿಸಿದರು.

ವಾರದ ಮೇಲೆ ನೋಡಿದರೆ, ಪಂಪ್‌ಸೆಟ್ ಕೋಣೆಯ ಕತ್ತಲಲ್ಲಿ ಹಾಳೆ ಸುತ್ತಿದ ಆ ಎರಡು ಹಸಿರು ಬಾಟಲಿ ಹಾಗೇ ಉಳಿದಿದ್ದವು. ಒಂದನ್ನು ತೆಗೆದು ಕುಡಿದೆ. ಹಿತವಾದ ಕಹಿ, ಒಂದಿಷ್ಟೂ ನಾತವಿಲ್ಲ. ಇನ್ನೊಂದನ್ನು ಬೇಕೆಂದೇ ತೊಟ್ಟಿಯಲ್ಲಿ ಬಿಸಿಲಿಗಿಟ್ಟು ತೆಗೆದೆ. ಅದೇ ನಾತ. ಬಿಯರಿನ ಕಹಿಯನ್ನೇ ಬೆಳಕು ಕೆಡಿಸುತ್ತದೆ, ಕಂದು ಗಾಜು ಆ ಬೆಳಕನ್ನು ತಡೆಯುತ್ತದೆ, ಹಸಿರು ಗಾಜು ತಡೆಯುವುದಿಲ್ಲ ಎಂದು ಆಮೇಲೆ ತಿಳಿದವರಿಂದ ಕೇಳಿದೆ.

ಆ ಕೌಂಟರಿನವನನ್ನು ಹುಡುಕಿಕೊಂಡು ಹೋದೆ. ಹಾನಗಲ್ಲಿನ ಒಂದು ಚಹಾದಂಗಡಿಯಲ್ಲಿ ಕಪ್ಪುಬಸಿ ತೊಳೆಯುತ್ತಿದ್ದ. ಬೆರಕೆ ಮಾಡುವವನೆಂಬ ಹೆಸರು ಬಂದ ಮೇಲೆ ಹಿರೇಕೆರೂರಿನವರೆಗೆ ಅಲೆದರೂ ಯಾವ ವೈನ್‌ಶಾಪಿನವರೂ ಅವನನ್ನು ಸೇರಿಸಿರಲಿಲ್ಲ. ಎಲ್ಲವನ್ನೂ ಹೇಳಿ ಕೈಮುಗಿದೆ. ಅವನು ಸಿಟ್ಟಾಗಲಿಲ್ಲ. ಕೈ ಒರೆಸಿಕೊಂಡು ಕೇಳಿದ:

"ನನ್ನ ಮುಂದ ಹೇಳಿದ್ರಿ, ಛಲೋ ಆತ್ರಿ. ಮಾಲಕರ ಮುಂದ ಹೇಳೀರೇನ್ರಿ?"

ನಾಳೆಯೇ ಹೇಳುತ್ತೇನೆ ಎಂದೆ. ಆ ಮಾತಾಡಿ ಎರಡು ಬೇಸಿಗೆ ಕಳೆದವು. ಮದುವೆಗಳಲ್ಲಿ ಮಾಲೀಕರು ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ನಾನು ಮಳೆ, ಬೆಳೆ ಎಂದು ಮಾತಾಡಿ, ಕೈ ತೊಳೆದು ಎದ್ದು ಬರುತ್ತೇನೆ.