ಸೀಲಕ್ಕ ಹಿಡಿದ ಸೋರಿಕೆ

ಸೀಲಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳೆಲ್ಲ ಹೇಳುತ್ತಿದ್ದರು. ಅವರಿಗೆ ಅರ್ಧ ಮಾತ್ರ ಗೊತ್ತಿತ್ತು. ಮೂಗಿನ ತುದಿಯಲ್ಲಿದ್ದದ್ದು ಚಿಲ್ಲರೆ ಕೋಪ. ದೊಡ್ಡದೊಂದನ್ನು ಅವಳು ಇಪ್ಪತ್ತೆರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು.

ಅವಳಪ್ಪ ಬೈಕ್ ಮೆಕ್ಯಾನಿಕ್. ಹದಿನಾಲ್ಕಕ್ಕೇ ಅವಳು ಅಪ್ಪನ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದಿದ್ದಳು. ಚೈನ್ ಇಲ್ಲದ ಶಾಫ್ಟ್ ಬೈಕುಗಳೆಂದರೆ ಉಳಿದವರು ಮಾರು ದೂರ ಸರಿಯುತ್ತಿದ್ದರು. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಒಂದು ಕಂಬಿ, ಚಕ್ರದ ಪಕ್ಕದಲ್ಲಿ ಎಣ್ಣೆ ತುಂಬಿದ ಗೇರು ಡಬ್ಬಿ, ಆ ಎಣ್ಣೆ ಹೊರಗೆ ಬಾರದಂತೆ ರಬ್ಬರಿನ ಸೀಲುಗಳು. ಅದು ಸೋರತೊಡಗಿದರೆ ಎಲ್ಲಿಂದ ಎಂದು ಹಿಡಿಯುವುದು ಅವಳೊಬ್ಬಳಿಗೇ ಗೊತ್ತಿತ್ತು. ಹಾಗಾಗಿಯೇ ಸೀಲಕ್ಕ ಎಂಬ ಹೆಸರು. ಅಪ್ಪನೂ ಬಂದವರೆದುರು "ನನ್ನ ಮಗಳ ಕೈಗೆ ಕೊಡಿ" ಎಂದು ಎದೆಯುಬ್ಬಿಸುತ್ತಿದ್ದ. ಆದರೆ ಅವನಿಗೆ ಕೈಲಾಗದ ಕಾಲ ಬಂದಾಗ ಶೆಡ್ಡನ್ನು ಮಗನಿಗೆ ಕೊಟ್ಟ. "ಬೋರ್ಡು ಅವನ ಹೆಸರಲ್ಲಿರ್ಲಿ ಮಗಳೇ. ನೀನು ಬಂದು ಹೋಗಿ ಕೆಲಸ ಮಾಡ್ಕೊಂಡಿರು" ಎಂದ.

ಅವಳು ತನ್ನ ಸ್ಪ್ಯಾನರುಗಳನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೊರಟವಳು ಎರಡು ಬೀದಿಯಾಚೆ ತಗಡಿನ ಒಂದು ಕೋಣೆ ಹಿಡಿದಳು. ಅಪ್ಪನನ್ನು ನೋಡಲು ಮನೆಗೆ ಹೋಗುತ್ತಿದ್ದಳು. ಶೆಡ್ಡಿಗೆ ಮಾತ್ರ ಈ ಇಪ್ಪತ್ತೆರಡು ವರ್ಷ ಕಾಲಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅಂಚೆಯವನು ಬಂದ. ಬಲಗೈ ಜೋಲಿಯಲ್ಲಿತ್ತು. ಅವನ ಶಾಫ್ಟ್ ಬೈಕನ್ನು ಇಬ್ಬರು ತಳ್ಳಿಕೊಂಡು ಬಂದು ನಿಲ್ಲಿಸಿ ಹೋದರು.

"ಅಕ್ಕಾ, ಮೂರು ಸಲ ಸೀಲ್ ಹಾಕಿಸಿದೆ. ಮೂರು ಸಲಾನೂ ಸೋರ್ತು. ಹೋದ ವಾರ ಎಣ್ಣೆ ಟೈರಿಗೆ ಇಳಿದು, ತಿರುವಲ್ಲಿ ಜಾರಿ ಬಿದ್ದೆ. ಭುಜದ ಮೂಳೆ ಹೋಯ್ತು."

"ಆಫೀಸ್‌ನವರು ಏನಂದ್ರು?"

"ಅಜಾಗರೂಕ ಸವಾರಿ ಅಂತ ನೋಟೀಸು ಕೊಟ್ಟಿದ್ದಾರೆ. ಗಾಡಿ ಸರಿಯಿತ್ತು ಅಂತ ಶೆಡ್ಡಿನವರು ಬರ್ಕೊಟ್ಟಿದ್ದಾರಲ್ಲ, ಅದಕ್ಕೆ. ಸೋಮವಾರ ವಿಚಾರಣೆ. ಕೆಲಸ ಉಳಿಯೋದು ಅನುಮಾನ."

"ಯಾವ ಶೆಡ್ಡು?"

ಅವನು ನೆಲ ನೋಡಿದ. "ನಿಮ್ಮ ತಮ್ಮನದು."

ಸೀಲಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ತಾನು ಮಾಡಿದ್ದಕ್ಕೆ ಕೈ ತೊಳೆದುಕೊಂಡು, ಬಿದ್ದವನ ತಲೆ ಮೇಲೇ ಗೂಬೆ ಕೂರಿಸಿದ್ದಾನೆ! ಆದರೂ ಅವಳು ತಣ್ಣಗೆ ಬೈಕಿನ ಪಕ್ಕ ಕೂತಳು. ಕೋಪದಲ್ಲಿ ಬೋಲ್ಟ್ ಬಿಚ್ಚಿದರೆ ಅದರ ತಿರುಪಿನ ಮರೆ ಸವೆದು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಟೈರನ್ನೂ ಡಬ್ಬಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿದಳು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಳು. ಕದಲಲಿಲ್ಲ, ಬೇರಿಂಗ್ ಗಟ್ಟಿಯಿತ್ತು. ಆಮೇಲೆ ಮುಖಕ್ಕೆ ಹಾಕುವ ಪೌಡರನ್ನು ಡಬ್ಬಿಯ ಮೇಲೆಲ್ಲ ಉದುರಿಸಿ, ತಾನೇ ಬೈಕು ಹತ್ತಿ ಹತ್ತು ಕಿಲೋಮೀಟರ್ ಸುತ್ತಿ ಬಂದಳು. ಕೆಳಗಿನ ಬೋಲ್ಟಿನ ಸುತ್ತ ಪೌಡರು ಬೆಳ್ಳಗೇ ಇತ್ತು. ಶಾಫ್ಟ್ ಬಂದು ಸೇರುವ ಕಡೆಯೂ ಒಣಗಿತ್ತು. ಚಕ್ರದ ಒಳಮಗ್ಗುಲಲ್ಲಿ ಮಾತ್ರ ಪೌಡರು ಕಪ್ಪು ಕೆಸರಾಗಿತ್ತು. ಬೆರಳಿಗೆ ಹಚ್ಚಿ ಮೂಸಿದಳು. ಬ್ರೇಕಿನದಲ್ಲ, ಎಂಜಿನ್ನಿನದಲ್ಲ, ಗೇರ್ ಆಯಿಲ್ಲಿನದೇ ಘಾಟು.

ಚಕ್ರದ ಕಡೆಯ ದೊಡ್ಡ ಸೀಲೇ ಸೋರುತ್ತಿದೆ, ಸರಿ. ಆದರೆ ಸೀಲು ಹೊಚ್ಚ ಹೊಸದು. ಹಾಗಾದರೆ ಯಾಕೆ?

ಡಬ್ಬಿಯ ನೆತ್ತಿಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಮುಚ್ಚಳ ಇರುತ್ತದೆ, ಬ್ರೀದರ್. ಒಳಗೆ ಎಣ್ಣೆ ಕಾದಾಗ ಹಿಗ್ಗಿದ ಗಾಳಿ ಅದರಲ್ಲಿ ಹೊರಗೆ ಹೋಗಬೇಕು. ಅಲ್ಲಿ ಸಂದೇ ಇರಲಿಲ್ಲ. ಮುಚ್ಚಳ, ತೂತು ಎಲ್ಲದರ ಮೇಲೆ ದಪ್ಪಗೆ ಕರಿ ಬಣ್ಣ ಬಳಿದಿತ್ತು. ಗಾಳಿ ಹೋಗಲು ಬೇರೆ ದಾರಿಯಿಲ್ಲದೆ ಸೀಲಿನ ತುಟಿಯನ್ನೇ ತಳ್ಳಿಕೊಂಡು ಎಣ್ಣೆಯ ಜೊತೆ ಹೊರಬರುತ್ತಿತ್ತು. ಹೀಗಿದ್ದರೆ ಮೂರಲ್ಲ, ಮೂವತ್ತು ಸೀಲು ಹಾಕಿದರೂ ಅಷ್ಟೇ.

ಅವಳು ಆ ಬಣ್ಣ ಕೆರೆಯಲಿಲ್ಲ. ಬಿಸಿ ಆರುವ ಮೊದಲೇ ಬೈಕನ್ನು ನೇರವಾಗಿ ತಮ್ಮನ ಶೆಡ್ಡಿನೊಳಕ್ಕೆ ಓಡಿಸಿಕೊಂಡು ಹೋಗಿ ನಿಲ್ಲಿಸಿದಳು.

ನಾಲ್ಕೈದು ಗಿರಾಕಿಗಳಿದ್ದರು. ಬಾಗಿಲ ಪಕ್ಕ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ತಮ್ಮ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಅಕ್ಕ! ನೀನಿಲ್ಲಿ? ಕೂತ್ಕೋ ಬಾ."

"ಕೂರೋಕೆ ಬಂದಿಲ್ಲ. ಎಣ್ಣೆ ಹಾಕೋ ಬೋಲ್ಟ್ ಬಿಚ್ಚು."

"ಏನಕ್ಕ ಇದು, ಎಲ್ಲರೆದುರಿಗೆ..."

"ಬಿಚ್ಚೋ!"

ಬಿಚ್ಚಿದ. ಬೋಲ್ಟ್ ಸಡಿಲವಾಗುತ್ತಲೇ ಒಳಗಿನ ಗಾಳಿ ಉಸ್ಸೆಂದು ನುಗ್ಗಿ ಅವನ ಅಂಗಿಗೆಲ್ಲ ಎಣ್ಣೆ ಸಿಡಿಯಿತು. ಸೀಲಕ್ಕ ಕರಿ ಬಣ್ಣದ ಮುಚ್ಚಳವನ್ನು ಬೆರಳಲ್ಲಿ ತೋರಿಸಿದಳು.

ತಮ್ಮ ಅಂಗಿಯ ಎಣ್ಣೆ ಒರೆಸಿಕೊಂಡ. "ಪೇಂಟ್ ಹೊಡೆಯುವಾಗ ಸ್ವಲ್ಪ ಬಿದ್ದಿರಬಹುದು. ಅದಕ್ಕೆ ಇಷ್ಟು ರಾದ್ಧಾಂತ ಯಾಕೆ?"

"ಮೂರು ಸಲ ಬಿಚ್ಚಿದ್ದೀಯಲ್ಲ, ಒಂದ್ಸಲ ಆದ್ರೂ ಯಾಕೆ ಸೋರ್ತಿದೆ ಅಂತ ಕೇಳ್ಕೊಂಡ್ಯಾ? ನೋಡದೇನೇ ಗಾಡಿ ಸರಿಯಿತ್ತು ಅಂತ ಬರ್ಕೊಟ್ಯಲ್ಲ, ನಿನ್ನ ಕೈ ನಡುಗ್ಲಿಲ್ವಾ?"

ಅಪ್ಪ ಕುರ್ಚಿಯಲ್ಲೇ ಮಿಸುಕಾಡಿದ. "ಮನೆ ಜಗಳ ಮನೇಲಿರ್ಲಿ ಮಗಳೇ. ನಾಲ್ಕು ಜನರೆದುರು ತಮ್ಮನ ಮರ್ಯಾದೆ ತೆಗೀಬೇಡ."

"ಮುರಿದದ್ದು ಅಂಚೆಯವನ ಮೂಳೆ ಅಪ್ಪ, ನಿನ್ನ ಮಗನ ಮರ್ಯಾದೆ ಅಲ್ಲ!"

ಅಪ್ಪ ಕೋಲೂರಿ ಎದ್ದು, ಬೈಕಿನ ಹತ್ತಿರ ಬಂದು ಬಗ್ಗಿ, ಮುಚ್ಚಳವನ್ನು ಉಗುರಿನಿಂದ ಗೀರಿದ. ಬಣ್ಣ ಸುರುಳಿಯಾಗಿ ಎದ್ದು ಬಂತು.

"ಬರ್ಕೊಡು" ಎಂದ ಮಗನಿಗೆ.

"ಅಪ್ಪಾ, ಬರ್ಕೊಟ್ರೆ ಊರಿಗೆಲ್ಲ ಗೊತ್ತಾಗತ್ತೆ."

"ಆಗ್ಲಿ."

ತಮ್ಮ ಮೊದಲು ಬರೆದ ಹಾಳೆಯಲ್ಲಿ 'ತಾಂತ್ರಿಕ ಕಾರಣಗಳಿಂದ' ಎಂದಿತ್ತು. ಸೀಲಕ್ಕ ಅದನ್ನು ಪರಪರ ಹರಿದಳು. "ತಾಂತ್ರಿಕ ಕಾರಣಕ್ಕೆ ಕೈಕಾಲು ಇದ್ಯಾ, ತಾನೇ ಬಂದು ಬಣ್ಣ ಬಳಿಯೋಕೆ? ಯಾರು ಬಳಿದದ್ದು ಅಂತ ಬರಿ. ಮೂರು ಸಲ ನೋಡ್ಲಿಲ್ಲ ಅಂತಾನೂ ಬರಿ." ಎರಡನೆಯ ಹಾಳೆಯಲ್ಲಿ ಎಲ್ಲವೂ ಇತ್ತು, ಸಹಿಯೂ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟವಳನ್ನು ಅಪ್ಪ ತಡೆದ.

"ಮಗಳೇ, ನೀನು ಇಲ್ಲಿಗೇ ಬಂದುಬಿಡು."

"ಯಾರ ಬೋರ್ಡಿನ ಕೆಳಗೆ?"

ಅಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಸೋಮವಾರದ ವಿಚಾರಣೆಯಲ್ಲಿ ಆ ಕಾಗದ ಓದಿ ನೋಟೀಸು ವಾಪಸ್ ತೆಗೆದುಕೊಂಡರು. ಮೂಳೆ ಕೂಡಿದ ಮೇಲೆ ಅಂಚೆಯವನು ಮತ್ತೆ ತನ್ನ ಬೀದಿಗಳಿಗೆ ಇಳಿದ. ಬೈಕಿಗೆ ಸೀಲಕ್ಕ ನಾಲ್ಕನೆಯ ಸೀಲು ಹಾಕಿ, ಬ್ರೀದರಿನ ತೂತು ಬಿಡಿಸಿ ಕೊಟ್ಟಿದ್ದಳು. ಆಮೇಲೆ ಒಂದು ಹನಿಯೂ ಇಳಿಯಲಿಲ್ಲ.

ಅಂದುಕೊಂಡದ್ದಾಯಿತು, ಆದರೂ ಅವಳ ಸಿಟ್ಟು ಇಳಿಯಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಪ್ಪ ಎರಡು ಬೀದಿ ನಡೆದು, ಏದುಸಿರು ಬಿಡುತ್ತ ತಗಡಿನ ಕೋಣೆಯ ಬಾಗಿಲಲ್ಲಿ ನಿಂತ. ಸೀಲಕ್ಕ ಕೈಯಲ್ಲಿದ್ದ ಬೋಲ್ಟನ್ನು ಪೂರ್ತಿ ಬಿಗಿ ಮಾಡುವವರೆಗೂ ಅವನನ್ನು ನಿಲ್ಲಿಸಿಯೇ ಇಟ್ಟಳು. ಆಮೇಲೆ ಕಾಲಿನಿಂದ ಸ್ಟೂಲು ತಳ್ಳಿದಳು.

"ಶೆಡ್ಡು ನಿನಗೆ ಕೊಡಬೇಕಿತ್ತು" ಎಂದ ಅಪ್ಪ. "ತಪ್ಪು ಮಾಡಿದೆ."

"ಈಗ ಗೊತ್ತಾಯ್ತಾ?"

"ಇಲ್ಲ ಮಗಳೇ. ಅವತ್ತೇ ಗೊತ್ತಿತ್ತು."

ತಿಳಿಯದೆ ಮಾಡಿದ್ದ ಎಂದೇ ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಗೊತ್ತಿದ್ದೂ ಮಾಡಿದ್ದ! ಸ್ಪ್ಯಾನರನ್ನು ಗೋಡೆಗೆ ಬೀಸಿ ಒಗೆದಳು. ತಗಡು ನಡುಗಿ, ಎದುರಂಗಡಿಯ ದರ್ಜಿ ಹೊರಗೆ ಬಂದು ಇಣುಕಿದ. ಅಪ್ಪ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತೇ ಇದ್ದ.

ಸ್ವಲ್ಪ ಹೊತ್ತಿನ ನಂತರ ಅವಳು ಕೈ ತೊಳೆದು ತನ್ನ ಬೈಕು ಹೊರಗೆ ತೆಗೆದಳು. "ಹತ್ತು" ಎಂದಳು. ಅವನು ಕಷ್ಟಪಟ್ಟು ಹತ್ತಿ, ಅವಳ ಹೆಗಲು ಹಿಡಿದುಕೊಂಡ. ಮನೆ ಬಾಗಿಲಲ್ಲಿ ಅವನನ್ನು ಇಳಿಸಿ, ಅವಳು ಬೈಕು ತಿರುಗಿಸಿಕೊಂಡು ತನ್ನ ತಗಡಿನ ಕೋಣೆಗೆ ಹೋದಳು.