ಯಂಕವ್ವನ ಒದೆ, ಪಪ್ಪಾಯಿ ಸೂಜಿ

"ಯಂಕವ್ವ ಒದ್ದರ ಕೋಣ ಸುದ್ದಾ ಸೆಟದ ನಿಂದರತೈತಿ" ಎಂದು ತಿಳವಳ್ಳಿಯ ಓಣಿಯವರು ಹೇಳುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವಳು ಆಕೆ. ಅಂಥವರ ಒದೆ ಬಿದ್ದರೆ ಬೆನ್ನಿನ ಹಿಡಿತ ಬಿಡುತ್ತದೆಂದು ಹಿರೇಕೆರೂರು, ಶಿಗ್ಗಾಂವಿಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಹೊಸ್ತಿಲ ಮುಂದೆ ಬೋರಲು ಮಲಗಬೇಕು, ಆಕೆ ಬಲಗಾಲಿನಿಂದ ಒದೆಯಬೇಕು, ಎದ್ದವರು ಹೊರಳಿ ನೋಡದೆ ನಡೆದುಬಿಡಬೇಕು. ನೋಡಿದರೋ, ನೋವು ಬೆನ್ನಹಿಂದೆಯೇ ಓಡಿ ಬರುತ್ತದಂತೆ!

೧೯೮೪ರಲ್ಲಿ ಒಂದು ಮುಂಜಾನೆ ಹಿರೇಕೆರೂರಿನ ಹತ್ತಿ ದಲಾಲ ಗುದ್ಲೆಪ್ಪ ಬಂದು ಮಲಗಿದ. ಆನೆಯಂಥ ಆಳು.

"ಜೋರ ಒದಿಬೇ, ಚರ್ಮಾ ದಪ್ಪೈತಿ!"

ಯಂಕವ್ವ ಕಚ್ಚೆ ಬಿಗಿದು ಝಾಡಿಸಿ ಒದ್ದಳು. ಗುದ್ಲೆಪ್ಪ ಹಗುರಾಗಿ ಎದ್ದು ಹೊರಟ. ಕುಸಿದವಳು ಯಂಕವ್ವ. ಸೊಂಟದಿಂದ ಬಲಗಾಲಿನ ಬೆರಳತನಕ ಬೆಂಕಿಯ ಗೆರೆ ಎಳೆದಂತಾಯಿತು. ಆ ಕಾಲು ನೆಲಕ್ಕೆ ಊರದಾಯಿತು.

ಒದೆಯುವವಳನ್ನು ಒದೆಯುವವರು ಯಾರು? ಸುತ್ತಲಿನ ಊರುಗಳಲ್ಲಿ ಹಾಗೆ ಹುಟ್ಟಿದವರು ಮತ್ತೊಬ್ಬರಿರಲಿಲ್ಲ. ಸವಣೂರಿನ ಮಗಳು ಸರೋಜವ್ವ ಓಡಿಬಂದು, ತಾಯಿಯನ್ನು ಹೊರಸಿನ ಸಮೇತ ಟೆಂಪೋಗೇರಿಸಿದಳು.

"ಹೊತಗೊಂಡ ಹೊಂಟೀರಲ್ಲ, ನಾನೇನ ಹೆಣಾ ಏನ?" ಎಂದು ಯಂಕವ್ವ ಕೂಗಾಡಿದಳು. "ಇನ್ನೊಮ್ಮೆ ಈ ಮನೀಂದ ಹೊಂಟ್ರ ನನ್ನ ಕಾಲಮ್ಯಾಲ ಹೊಂಡತೇನಿ!"

ಹುಬ್ಬಳ್ಳಿಯ ಡಾಕ್ಟರ್ ಪ್ರಹ್ಲಾದರು ಎಕ್ಸ್‌ರೇ ಹಿಡಿದು ತೋರಿಸಿದರು. "ಬೆನ್ನಿನ ಮಣಿಗಳ ನಡುವಿನ ಗಾದಿ ಜಾರಿ ನರ ಒತ್ತಾಕತ್ತದ, ಅವ್ವಾರ. ಬೆನ್ನ ಸೀಳೂದಿಲ್ಲ. ಒಂದ ಸೂಜಿ ಸಾಕು. ಪಪ್ಪಾಯಿ ಹಾಲಿನಿಂದ ತಗದ ಔಷಧ, ಗಾದಿ ಕರಗಸ್ತದ."

"ಪಪ್ಪಾಯಿ?" ಯಂಕವ್ವನ ಕಣ್ಣು ಅರಳಿತು. "ನಮ್ಮ ಸರೋಜಿ ಮಗ್ಗಲಮನಿ ಶಾಕೀರಾ ಮಟನ್ ಮೆತ್ತಗಾಗಾಕ ಹಾಕ್ತಾಳಲ್ರಿ ಅದನ್ನ!"

"ಅದೇ ಗುಣ ನೋಡ್ರಿ."

"ಹಂಗಾರ ತಡಾ ಯಾಕ? ಕುದಸ್ರಿ ನನ್ನ!"

ಒಂದು ಮಗ್ಗುಲಾಗಿ ಮಲಗಿಸಿ, ಬೆನ್ನಿನ ಚೂರು ಜಾಗವನ್ನಷ್ಟೇ ಮರಗಟ್ಟಿಸಿ, ಎಕ್ಸ್‌ರೇ ಪರದೆ ನೋಡುತ್ತ ಡಾಕ್ಟರು ಉದ್ದನೆಯ ಸೂಜಿ ಇಳಿಸಿದರು. ಮರುದಿನ ಬೆನ್ನು ಹಲಗೆಯಂತೆ ಸೆಟೆದಿತ್ತು. ಕಾಲಿನ ಬೆಂಕಿ ಮಾತ್ರ ಆರಿಹೋಗಿತ್ತು. "ಸರೋಜೀ, ಊರತೈತಿ! ಕಾಲ ಊರತೈತಿ!" ಎಂಬ ಕೂಗಿಗೆ ವಾರ್ಡೇ ಎದ್ದು ಕುಳಿತಿತು.

ಸವಣೂರಿನಲ್ಲಿ ಆರೈಕೆಯಾದ ಮೇಲೆ, ಇನ್ನು ಮುಂದೆ ಅಲ್ಲೇ ಮಗಳ ಜತೆ ಇರುವುದೆಂದಾಯಿತು. ತಿಳವಳ್ಳಿಯ ಮನೆ ಖಾಲಿ ಮಾಡುವ ದಿನ ಓಣಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಗುದ್ಲೆಪ್ಪನೂ ಸೊಂಟ ಹಿಡಿದುಕೊಂಡು ನಿಂತಿದ್ದ.

"ನೀ ಬಿದ್ದಾಗ ಹೊಳ್ಳಿ ನೋಡಿಬಿಟ್ನಿಬೇ. ಮತ್ತ ಹಿಡದೈತಿ. ಹೋಗೂಮುಂದ ಒಂದ ಒದ್ದ ಹೋಗು!"

"ಹುಬ್ಬಳ್ಳಿಗೆ ಹೋಗೋ! ಅಲ್ಲಿ ಪಪ್ಪಾಯಿ ಒದೀತೈತಿ!"

ಓಣಿಯೆಲ್ಲ ನಕ್ಕಿತು. ಚಕ್ಕಡಿ ಹೂಡಿ ನಿಂತಿದ್ದರೂ ಯಂಕವ್ವ ಹತ್ತಲಿಲ್ಲ. ಬಲಗಾಲನ್ನು ಹೊಸ್ತಿಲಾಚೆ ಗಟ್ಟಿಯಾಗಿ ಊರಿದಳು, ದಾಟಿದಳು. ಬಸ್ ನಿಲ್ದಾಣದ ದಾರಿ ಹಿಡಿದವಳನ್ನು ಹಿಂದಿನಿಂದ ಎಲ್ಲರೂ ಕೂಗಿದರು. ಆಕೆ ಹೊರಳಿ ನೋಡಲಿಲ್ಲ.